ಜಗಲಿಯ ಮಾತು, ಪೀಠದ ಬರಹ

ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರಾಕಾರದಲ್ಲಿ, ಬಿಸಿಲಿಳಿದ ಮೇಲೆ, ಜಗಲಿಯಲ್ಲಿ ಕುಳಿತವರ ಬಳಿ ಅರೆಗಳಿಗೆ ನಿಂತರೆ ಸಾಕು, ಶಿಲ್ಪಿ ಜಕಣಾಚಾರಿಯ ಕಥೆ ತಾನಾಗಿ ಕಿವಿಗೆ ಬೀಳುವುದು. ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ಎಲ್ಲಿಂದಲೋ ಬಂದ ಹುಡುಗನೊಬ್ಬನು ನುಡಿದುದು, ದೋಷವಿದ್ದರೆ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ಆಚಾರಿಯು ಪಣತೊಟ್ಟುದು, ಮೈಗೆಲ್ಲ ಗಂಧವನ್ನು ಲೇಪಿಸಲು ಹೊಕ್ಕುಳಿನ ಬಳಿ ಮಾತ್ರ ಅದು ಆರದೆ ಉಳಿದುದು, ಅಲ್ಲಿ ಉಳಿಯಿಟ್ಟೊಡನೆ ನೀರೂ ಕಪ್ಪೆಯೂ ಹೊರಬಿದ್ದುದು, ಹುಡುಗನು ತನ್ನ ಮಗ ಡಂಕಣನೇ ಎಂದು ತಂದೆಗೆ ತಿಳಿದುದು, ಇಷ್ಟನ್ನೂ ಕಣ್ಣಾರೆ ಕಂಡವರಂತೆ ಒಬ್ಬರು ಹೇಳುತ್ತಿರಲು ಸುತ್ತಲಿನ ನಾಲ್ವರು ಹೌದೆನ್ನುತ್ತಾರೆ.

‘ಇದು ತಮಗೆ ಯಾರಿಂದ ತಿಳಿಯಿತು, ಸ್ವಾಮಿ?’ ಎಂದು ಒಮ್ಮೆ ಕೇಳಿದೆ.

‘ಯಾರಿಂದ ಏನು ಬಂತು? ಊರಿಗೆ ಊರೇ ಹೇಳ್ತದಲ್ಲ!’ ಎಂದರು ಹಿರಿಯರೊಬ್ಬರು.

ಊರೇ ಹೇಳುವುದು ನಿಜ. ಆದರೆ ಹೇಳುವವರನ್ನು ಒಬ್ಬೊಬ್ಬರಾಗಿ ಹಿಂದಕ್ಕೆ ಕೇಳುತ್ತ ಹೋದರೆ, ಒಬ್ಬ ಅಜ್ಜಿಯೋ, ಒಬ್ಬ ಹರಿಕಥೆ ದಾಸರೋ, ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾಗಿ 1964ರಲ್ಲಿ ತೆರೆಕಂಡ ‘ಅಮರಶಿಲ್ಪಿ ಜಕಣಾಚಾರಿ’ಯೋ ಎದುರಾಗಿ, ಜಾಡು ಅಲ್ಲಿಗೇ ನಿಂತುಬಿಡುತ್ತದೆ. ಬೇಲೂರು, ಹಳೇಬೀಡುಗಳಲ್ಲದೆ ಸೋಮನಾಥಪುರವನ್ನೂ ಜನ ಜಕಣನ ಲೆಕ್ಕಕ್ಕೇ ಬರೆದಿದ್ದಾರೆ. ಬೇಲೂರಿನ ಪ್ರತಿಷ್ಠೆ 1117ರಲ್ಲಿ, ಸೋಮನಾಥಪುರದ್ದು 1268ರಲ್ಲಿ; ನಡುವಣ ನೂರೈವತ್ತೊಂದು ವರ್ಷಗಳನ್ನು ಆ ಮಹಾನುಭಾವನು, ಅದೂ ಬಲಗೈಯಿಲ್ಲದೆ, ಹೇಗೆ ಕಳೆದನೆಂದು ಜಗಲಿಯಲ್ಲಿ ಕೇಳುವವರಿಲ್ಲ.

ಇತ್ತ ಕಲ್ಲುಗಳು ಸುಮ್ಮನಿಲ್ಲ. ಶಾಸನತಜ್ಞ ರೈಸ್ ಸಾಹೇಬರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ಗುಡಿಯ ಮೇಲೆಯೇ ಒಂದು ಗ್ರಂಥವನ್ನು ಹೊರತಂದರು. ಮದನಿಕೆಯರ ಪಾದದಡಿಯ ಪಟ್ಟಿಯನ್ನು ಕತ್ತೆತ್ತಿ ದಿಟ್ಟಿಸಿದರೆ ಬೆರಳಗಲದ ಹಳಗನ್ನಡ ಅಕ್ಷರಗಳು ಕಾಣುವುವು: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದಗಿನ ನಾಗೋಜ. ತಂದೆ ಯಾರು, ಊರು ಯಾವುದು, ಕೆಲಸ ಯಾವುದು ಎಂಬುದನ್ನು ರೂವಾರಿಯು, ಎಂದರೆ ಶಿಲ್ಪಿಯು, ತನ್ನ ಕೃತಿಯ ಕೆಳಗೇ ಕೊರೆದಿಟ್ಟಿರುವುದರಿಂದ, ಅವನ ಮಾತನ್ನು ಅವನ ಕೈಕೆಲಸದೊಡನೆ ಹೋಲಿಸಿ ನೋಡುವ ಅನುಕೂಲ ನಮಗುಂಟು. ಹಳೇಬೀಡಿನ ಬಾಗಿಲವಾಡದ ಮೇಲೆ ಕಾಳಿದಾಸಿಯ ಹೆಸರಿದೆ. ಅಲ್ಲಿನ ಹೊಯ್ಸಳೇಶ್ವರ ಗುಡಿಯನ್ನು ಹೊಯ್ಸಳರ ಅಧಿಕಾರಿ ಕೇತಮಲ್ಲನು 1121ರಲ್ಲಿ ಕಟ್ಟಿಸಿದನೆಂಬ ಸಂಗತಿಯಾದರೋ ಆ ಗುಡಿಯಲ್ಲಿಯೇ ಇರದೆ, ಸಮೀಪದ ಘಟ್ಟದಹಳ್ಳಿಯ ಶಾಸನದಲ್ಲಿ ದೊರೆಯಿತು. ಜಕಣನ ಹೆಸರು ಈ ಸಹಿಗಳಲ್ಲಿ ಎಲ್ಲಿಯೂ ಇಲ್ಲ. ‘ದಕ್ಷಿಣಾಚಾರ್ಯ’ ಎಂಬುದೇ ಬಾಯಿಂದ ಬಾಯಿಗೆ ಸವೆದು ಹೀಗಾಗಿರಬಹುದೆಂದು ಕೆಲವು ವಿದ್ವಾಂಸರ ಊಹೆ.

ಹಾಗೆಂದು ಶಾಸನವಾಕ್ಯವನ್ನು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಬಿರುದಾಂಕಿತ ರೂವಾರಿಗಳೆಂಬ ಮನ್ಮಥರಿಗೆ ತಾನು ಮಹೇಶ್ವರನೆಂದು ಕೊಚ್ಚಿಕೊಂಡ ಚಾವಣನ ಜಂಬಕ್ಕೆ ಎದುರಾಳಿಗಳು ಏನೆಂದಿದ್ದರೋ! ಅರಸೀಕೆರೆಯ ಶಾಸನಗಳಲ್ಲಿ ಊರವರು ‘ಸಾವಿರ ಒಕ್ಕಲು’. ಅದು ಎಣಿಸಿದ ಸಾವಿರವೋ, ಹೆಮ್ಮೆಯ ಸಾವಿರವೋ ಎಂದು ವಿಚಾರಿಸುವುದು ಓದುವವನ ಪಾಲಿನ ಕೆಲಸ. ದಾನವಿತ್ತ ದಿನ, ಭೂಮಿಯ ಎಲ್ಲೆ, ಕೊಟ್ಟವನ ಹೆಸರು, ಇವು ಸಾಮಾನ್ಯವಾಗಿ ನಂಬಲರ್ಹ. ಏಕೆಂದರೆ ಅಲ್ಲಿ ಸುಳ್ಳು ಬರೆದರೆ ಪಕ್ಕದ ಹೊಲದವನು ಮರುದಿನವೇ ಜಗಳಕ್ಕೆ ಬರುತ್ತಿದ್ದನು. ದೊರೆಯ ಪರಾಕ್ರಮವರ್ಣನೆಗೆ ಅಂತಹ ನೆರೆಹೊರೆಯ ಕಾಟವಿರಲಿಲ್ಲ.

ವಿಚಿತ್ರವೆಂದರೆ, ಇಂತಹ ಪರೀಕ್ಷೆಯ ಕ್ರಮವು ಜನರ ಆ ಕಥೆಯೊಳಗೇ ಇದೆ. ನೆರೆದ ಶಿಲ್ಪಿಗಳೆಲ್ಲ ಕಲ್ಲು ನಿರ್ದೋಷವೆಂದು ಒಕ್ಕೊರಲಿನಿಂದ ಹೇಳುತ್ತಿರುವಾಗ, ಆ ಹುಡುಗನು ವಾದಕ್ಕಿಳಿಯದೆ ಗಂಧ ತರಿಸಿದನು.

ಅದೇ ಪ್ರಾಕಾರದಲ್ಲಿರುವ ಕಪ್ಪೆಚೆನ್ನಿಗರಾಯನ ಗುಡಿಗೆ ಜಗಲಿಯವರ ಗುಂಪಿನ ಹಿಂದೆಯೇ ನಾನೂ ಹೋದೆ. ಟಾರ್ಚಿನ ಬೆಳಕು ನೇರವಾಗಿ ವಿಗ್ರಹದ ಹೊಕ್ಕುಳಿಗೆ ಹೋಯಿತು. ‘ಇಲ್ಲೇ ನೋಡಿ, ಕಪ್ಪೆ ಇದ್ದದ್ದು’ ಎಂದು ಒಬ್ಬರು, ‘ಹೌದು, ಇಲ್ಲೇ’ ಎಂದು ಇನ್ನೊಬ್ಬರು. ವಿಗ್ರಹವನ್ನು ಮಾಡಿಸಿದವಳು ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲದೇವಿಯೆಂಬ ಬರಹವಿರುವ ಪೀಠ ಎರಡು ಮೊಳ ಕೆಳಗೆ ಕತ್ತಲಲ್ಲಿತ್ತು. ಟಾರ್ಚನ್ನು ಒಂದು ಗಳಿಗೆ ನನ್ನ ಕೈಗೆ ಕೊಡಿರೆಂದು ಕೇಳಿದೆ.