ದೀಪಸ್ತಂಭದ ಬುಡದಲ್ಲಿ

ಅಮೆರಿಕದ ಮಿನೆಸೋಟ ರಾಜ್ಯದ ಡುಲೂತ್ ನಗರದಲ್ಲಿ ನನ್ನ ಮಗಳ ಸಂಸಾರವಿದೆ. ಅಲ್ಲಿಗೆ ಹೋಗಿದ್ದಾಗ ಸುಪೀರಿಯರ್ ಸರೋವರದ ಉತ್ತರ ದಂಡೆಯಲ್ಲಿರುವ ಸ್ಪ್ಲಿಟ್ ರಾಕ್ ದೀಪಸ್ತಂಭವನ್ನು ನೋಡುವ ಯೋಗ ಒದಗಿತು. ನೋಡಿದೆನೆಂದರೆ, ಹೊರಗಿನಿಂದ ಮಾತ್ರ. ಮಗಳ ಮನೆಯ ಎರಡು ನಾಯಿಗಳೂ ನಮ್ಮೊಡನಿದ್ದವು. ಅವಕ್ಕೆ ಅಂಗಳದವರೆಗೆ ಪ್ರವೇಶವುಂಟು, ಕಟ್ಟಡದೊಳಕ್ಕಿಲ್ಲ. ಉಳಿದವರೆಲ್ಲ ಮೇಲೇರಿದರು, ಹಗ್ಗ ಹಿಡಿದು ನಿಲ್ಲುವ ಕೆಲಸ ನನ್ನ ಪಾಲಿಗೆ ಬಂದಿತು. ಮಂಡಿನೋವಿನವನಿಗೆ ಇದೇ ಲೇಸೆಂದುಕೊಂಡರೂ ಒಳಗೊಳಗೇ ಬೇಸರವಾಗದಿರಲಿಲ್ಲ.

1905ರ ನವೆಂಬರ್ 28ರ ಬಿರುಗಾಳಿ ಈ ಸರೋವರದಲ್ಲಿ 29 ಹಡಗುಗಳನ್ನು ಹಾಳುಗೆಡವಿತು. ಕಬ್ಬಿಣದ ಅದಿರು ಸಾಗಿಸುವ ನೌಕೆಗಳ ಮಾರ್ಗವಿದು. ಒಡೆಯರು ಸರ್ಕಾರದ ಮೊರೆಹೊಕ್ಕರು. ಆಗ ಇಲ್ಲಿಗೆ ರಸ್ತೆಯೇ ಇರಲಿಲ್ಲ. ಸಾಮಗ್ರಿಯನ್ನೆಲ್ಲ ನೀರಿನ ಮೇಲೆ ತಂದು, ಉಗಿಯಿಂದ ನಡೆಯುವ ಕ್ರೇನಿನಿಂದ 130 ಅಡಿಯ ಬಂಡೆಯ ಮೇಲೇರಿಸಿ, 54 ಅಡಿ ಎತ್ತರದ ಅಷ್ಟಕೋನದ ಗೋಪುರ ಕಟ್ಟಿದರು. ಪ್ಯಾರಿಸಿನ ಮಸೂರ, ಸೀಮೆಎಣ್ಣೆಯ ದೀಪ, ಹತ್ತು ಸೆಕೆಂಡಿಗೊಮ್ಮೆ ಒಂದು ಮಿಂಚು. 1910ರ ಜುಲೈ 31ರಂದು ಬೆಳಗತೊಡಗಿದ ಅದು 1969ರಲ್ಲಿ ಸೇವೆಯಿಂದ ನಿವೃತ್ತವಾಯಿತು.

ನಾಯಿಗಳೊಡನೆ ನಿಂತವನಿಗೆ ನೆನಪಾದವನು ಬೇರೊಬ್ಬ. ಹಿಂದಿನ ರಾತ್ರಿ ಮೊಮ್ಮಗಳು ಅವನ ಕಥೆ ಹೇಳಿದ್ದಳು. ಹೆಸರು ಜಾನ್ ಬಿಯರ್‌ಗ್ರೀಸ್. ಅನಿಶಿನಾಬೆ ಎಂಬ ಮೂಲನಿವಾಸಿ ಜನಾಂಗದವನು. ಗೋಪುರವಿಲ್ಲದ ಕಾಲದಲ್ಲಿ, 1879ರಿಂದ ಸುಮಾರು ಎರಡು ದಶಕ, ಈ ದಂಡೆಯ ಟೂ ಹಾರ್ಬರ್ಸ್ ಮತ್ತು ಗ್ರ್ಯಾಂಡ್ ಮರೇ ಊರುಗಳ ನಡುವೆ, 80 ಮೈಲಿಗೂ ಮಿಕ್ಕ ದಾರಿಯಲ್ಲಿ, ಆತ ಅಂಚೆ ಹೊತ್ತ. ಬೇಸಿಗೆಯಲ್ಲಿ ಹುಟ್ಟುದೋಣಿ, ಹಿಮ ಬಿದ್ದರೆ ನಾಯಿಗಳೆಳೆಯುವ ಜಾರುಬಂಡಿ. ಬಂಡಿಯ ಗಂಟೆಯ ದನಿ ಕೇಳಿಯೇ ಜನ ಅಂಚೆ ಬಂತೆಂದು ಅರಿಯುತ್ತಿದ್ದರಂತೆ.

ಗಂಟೆಯೆಂದೊಡನೆ, ಶ್ರೋತೃಗಳೇ, ನಿಮಗೂ ನಮ್ಮ ಅಂಚೆಯವನ ಗೆಜ್ಜೆ ಕಟ್ಟಿದ ಈಟಿ ನೆನಪಾಗಿರಬೇಕು. ಕಾಡುಹಾದಿಯಲ್ಲಿ ಆ ಗೆಜ್ಜೆ ಕೇಳಿಸಿದರೆ ನಮ್ಮೂರಿನವರು ಮನೆಬಾಗಿಲಿಗೆ ಬಂದು ನಿಲ್ಲುತ್ತಿದ್ದರೆಂದು ನನ್ನ ಅಜ್ಜಿ ಹೇಳುತ್ತಿದ್ದರು. ಅವನ ಹೆಸರನ್ನೂ ಹೇಳಿದ್ದರೋ ಏನೋ. ನಾನು ಗಮನವಿಟ್ಟು ಕೇಳಲಿಲ್ಲ. ಮೂವತ್ತು ವರ್ಷ ಶಾಸನ ಪಾಠ ಮಾಡಿದವನು ನಾನು. ಕಲ್ಲಿನ ಮೇಲಿದ್ದರೆ ದಾನ ಕೊಟ್ಟವನ ತಾತನ ಹೆಸರನ್ನೂ ಬಾಯಿಪಾಠ ಒಪ್ಪಿಸಬಲ್ಲೆ. ಈಗ ಕೇಳೋಣವೆಂದರೆ ಅಜ್ಜಿಯಿಲ್ಲ.

ಬಿಯರ್‌ಗ್ರೀಸ್ ತೀರಿಕೊಂಡದ್ದು 1910ರಲ್ಲಿ, ದೀಪ ಹೊತ್ತಿದ ವರ್ಷವೇ. ಆತನನ್ನು ಅವರು ಮರೆತಿಲ್ಲವೆಂಬುದೂ ನಿಜ. ಚಳಿಗಾಲದಲ್ಲಿ ಇದೇ ದಂಡೆಯಲ್ಲಿ ನಡೆಸುವ ನಾಯಿಬಂಡಿಗಳ ಓಟಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ.

ಅಷ್ಟರಲ್ಲಿ ಮೊಮ್ಮಗಳು ಇಳಿದು ಬಂದಳು.

"ಅಜ್ಜ, ನೀನು ಮಸೂರ ನೋಡಲೇ ಇಲ್ಲ. ಹೋಗಿ ಬಾ, ನಾಯಿಗಳನ್ನು ನಾನು ಹಿಡಿದಿರುತ್ತೇನೆ."

"ಅವನನ್ನು ಮಣ್ಣು ಮಾಡಿದ ಊರು ಎಷ್ಟು ದೂರ?" ಎಂದೆ.

"ಬೀವರ್ ಬೇ? ಇಲ್ಲೇ ಮುಂದೆ."

ನಾಯಿಗಳನ್ನು ಹಿಂದಿನ ಸೀಟಿಗೆ ಹತ್ತಿಸಿ ಆ ಕಡೆಗೇ ಹೊರಟೆವು.