ನಕ್ಷೆಯಲ್ಲಿ ನಮ್ಮ ಮನೆ

ಅಮ್ಮನಿಗೆ ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವ ಅಭ್ಯಾಸ. ಟೆಂಡರು, ಹರಾಜು, ಹೆಸರು ಬದಲಾವಣೆ, ಶ್ರದ್ಧಾಂಜಲಿ ಎಲ್ಲವೂ ಆಗಬೇಕು. ಎಂಬತ್ತು ದಾಟಿದ ಮೇಲೆ ಭೂತಗನ್ನಡಿ ಹಿಡಿದಾದರೂ ಸರಿ, ಬಿಟ್ಟವಳಲ್ಲ. ಒಂದು ಬೆಳಿಗ್ಗೆ ನಾನು ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಸರಿಯಾಗಿ ನಡುಮನೆಯಿಂದ ಕೂಗಿದಳು: "ಏನೇ ಇದು, ಮಹಾಯೋಜನೆ ಅಂತೆ. ಶಿವಮೊಗ್ಗ–ಭದ್ರಾವತಿ ಅಂತ ಸೇರಿಸಿ ಬರೆದಿದ್ದಾರೆ. ಸಾರ್ವಜನಿಕರು ಆಕ್ಷೇಪಣೆ, ಸಲಹೆ ಕೊಡಬಹುದಂತೆ. ಸಾರ್ವಜನಿಕರು ಅಂದರೆ ಯಾರು?"

ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಪೌರನೀತಿಯ ಪಾಠದಲ್ಲಿ ಆ ಪದವನ್ನು ಸಾವಿರ ಸಲ ಹಲಗೆಯ ಮೇಲೆ ಬರೆದಿದ್ದೇನೆ. ಆದರೂ ಸೌಟು ಹಿಡಿದುಕೊಂಡು ಒಂದು ಕ್ಷಣ ಸುಮ್ಮನೆ ನಿಂತೆ.

ಊರಿಗೊಂದು ಯೋಜನೆ ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಎಂಬುದೊಂದಿದೆ. ಊರು ಯಾವ ದಿಕ್ಕಿಗೆ ಬೆಳೆಯಬೇಕು, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಎಲ್ಲಿ ಉದ್ಯಾನ ಎಂದು ಮುಂದಿನ ಹತ್ತಿಪ್ಪತ್ತು ವರ್ಷಕ್ಕೆ ನಕ್ಷೆ ಬರೆಯಬೇಕು ಎನ್ನುತ್ತದೆ ಅದು. ಮನೆಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ-ಆಸ್ಪತ್ರೆಗೆ ಕೆಂಪು, ಉದ್ಯಾನಕ್ಕೆ ಹಸಿರು, ರಸ್ತೆಗೆ ಬೂದು. ಹತ್ತು ವರ್ಷಕ್ಕೊಮ್ಮೆಯಾದರೂ ಹೊಸದಾಗಿ ಅಳೆದು ನೋಡಿ ಪರಿಷ್ಕರಿಸಬೇಕು. ಕರಡನ್ನು ಜನರ ಮುಂದಿಟ್ಟು, ನಿಗದಿತ ದಿನಗಳೊಳಗೆ ಅವರು ಬರೆದುಕೊಟ್ಟದ್ದನ್ನು ಪರಿಶೀಲಿಸಿಯೇ ಸರ್ಕಾರಕ್ಕೆ ಕಳಿಸಬೇಕು. ಹೆಂಗಸರ ಸೀರೆ ಅಂಗಡಿಯ ಜಾಹೀರಾತಿನ ಪಕ್ಕದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ ಅಮ್ಮನ ಕಣ್ಣಿಗೆ ಬಿದ್ದದ್ದು ಅದೇ.

ಶಿವಮೊಗ್ಗ ಮತ್ತು ಭದ್ರಾವತಿಯನ್ನು ಸೇರಿಸಿ ಬರೆದದ್ದು ಅಮ್ಮನಿಗೆ ಯಾಕೆ ಅಷ್ಟು ತಾಗಿತು ಎಂದು ನಿಮಗೆ ಗೊತ್ತಾಗಬೇಕಾದರೆ ನಮ್ಮ ಹಳೆಯ ಕಥೆ ಹೇಳಬೇಕು. ನಾನು ಹುಟ್ಟಿದ್ದು, ಬೆಳೆದದ್ದು ಭದ್ರಾವತಿಯ ನ್ಯೂ ಟೌನಿನ ಒಂದು ಕ್ವಾರ್ಟರ್ಸಿನಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಒಂದು ಸೀಬೆ ಮರ. ಬೆಳಿಗ್ಗೆ ಕಾರ್ಖಾನೆ ಕೂಗಿದಾಗ ಹಾಲು ಒಲೆಗೆ ಏರಬೇಕು, ಮಧ್ಯಾಹ್ನ ಕೂಗಿದಾಗ ಅನ್ನ ಇಳಿಯಬೇಕು. ನಮ್ಮ ಮನೆಗೆ ಗಡಿಯಾರ ಬಂದದ್ದು ತುಂಬಾ ತಡವಾಗಿ, ಅದೂ ಯಾರದೋ ಮದುವೆಯ ಉಡುಗೊರೆಯಾಗಿ.

ಆ ಊರೇ ಒಂದು ಯೋಜನೆಯ ಕೂಸು. ಮೊದಲು ಅದಕ್ಕೆ ಬೆಂಕಿಪುರ ಎಂದು ಹೆಸರು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿದೆ, ಸುತ್ತ ಇದ್ದಿಲಿಗೆ ಬೇಕಾದಷ್ಟು ಕಾಡಿದೆ, ಪಕ್ಕದಲ್ಲಿ ಭದ್ರೆಯ ನೀರಿದೆ ಎಂದು ಮೈಸೂರು ಸಂಸ್ಥಾನ 1918ರಲ್ಲಿ ಕಾರ್ಖಾನೆ ಕಟ್ಟಲು ತೊಡಗಿತು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ನಷ್ಟದಲ್ಲಿ ಮುಳುಗುತ್ತಿದ್ದ ಅದನ್ನು ಮೇಲೆತ್ತಿದವರು ವಿಶ್ವೇಶ್ವರಯ್ಯನವರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಸೇರಿಕೊಂಡು, ಪೇಪರ್ ಟೌನ್ ಎಂಬ ಇನ್ನೊಂದು ಊರೇ ಎದ್ದಿತು. ನಾವು ಚಿಕ್ಕವರಿದ್ದಾಗ ಗಾಳಿ ಆ ಕಡೆಯಿಂದ ಬೀಸಿದರೆ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಈಗ ಆ ವಾಸನೆ ಇಲ್ಲ. 2015ರಲ್ಲಿ ಅಲ್ಲಿ ಕಾಗದ ತಯಾರಿಕೆ ನಿಂತುಹೋಯಿತು.

ಇನ್ನೊಂದು ಸಂಗತಿ ನನಗೆ ಗೊತ್ತಾದದ್ದು ತೀರಾ ಈಚೆಗೆ. 1940ರ ದಶಕದಲ್ಲಿ ಭದ್ರಾವತಿಗೆ ಒಂದು ನಗರ ಯೋಜನೆಯನ್ನು ಬರೆದವರು ಆಟೋ ಕೋನಿಗ್ಸ್‌ಬರ್ಗರ್ ಎಂಬ ಜರ್ಮನ್ ಯಹೂದಿ ವಾಸ್ತುಶಿಲ್ಪಿ. ಹಿಟ್ಲರನ ದೇಶ ಬಿಟ್ಟು, ಈಜಿಪ್ಟಿನಲ್ಲಿ ಕೆಲವು ಕಾಲ ಇದ್ದು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದವರು. ಜಮ್‌ಷೆಡ್‌ಪುರ, ಭುವನೇಶ್ವರಗಳ ನಕ್ಷೆಯೂ ಅವರದೇ. ಆ ಕಾಲದ ಯೋಜಕರು ನೆರೆಹೊರೆ ಎಂಬ ಒಂದು ಕಲ್ಪನೆಯನ್ನು ತುಂಬಾ ನಂಬಿದ್ದರು: ಮಗು ದೊಡ್ಡ ರಸ್ತೆ ದಾಟದೆ ಶಾಲೆಗೆ ನಡೆದುಹೋಗುವಂತಿರಬೇಕು, ತಾಯಿಗೆ ಅಂಗಡಿ ಕಾಲ್ನಡಿಗೆಯಲ್ಲಿ ಸಿಗಬೇಕು. ಎಷ್ಟು ಒಳ್ಳೆಯ ಮಾತು! ನ್ಯೂ ಟೌನಿನ ನೆರಳಿನ ರಸ್ತೆಗಳಲ್ಲಿ ಹೆದರಿಕೆಯಿಲ್ಲದೆ ನಡೆದು ಶಾಲೆಗೆ ಹೋದವಳು ನಾನು. ಹಾಗಾಗಿ ಯೋಜನೆ ಎಂದರೆ ಮೂಗು ಮುರಿಯುವವರ ಗುಂಪಿಗೆ ನಾನು ಸೇರಲಾರೆ.

ಇದೇ ಕೋನಿಗ್ಸ್‌ಬರ್ಗರ್ ಮುಂದೆ ಲಂಡನ್ನಿಗೆ ಹೋಗಿ, ವಿಶ್ವಸಂಸ್ಥೆಯ ಪರವಾಗಿ ಲಾಗೋಸ್, ಸಿಂಗಪುರ ಮುಂತಾದ ಊರುಗಳನ್ನು ಸುತ್ತಿ, 1960ರ ದಶಕದಲ್ಲಿ ತಮ್ಮ ಹಳೆಯ ನಂಬಿಕೆಗೆ ತಾವೇ ತಿದ್ದುಪಡಿ ಹಾಕಿದರು. ಮಹಾಯೋಜನೆ ಬರೆದು ಮುಗಿಸುವಷ್ಟರಲ್ಲಿ ಊರು ಬೇರೆಯೇ ಆಗಿರುತ್ತದೆ, ಕೆಲಸ ಮಾಡುತ್ತಾ ನೋಡುತ್ತಾ ತಿದ್ದುತ್ತಾ ಹೋಗಬೇಕು ಎಂಬುದು ಅವರ ವಾದ. ನಾನು ಅದನ್ನು ಓದಿ, ಕೊನೆಗೂ ಅಡುಗೆಮನೆ ಕಂಡವರ ಮಾತು ಎಂದುಕೊಂಡೆ. ವಾರದ ಅಡುಗೆಯನ್ನು ಭಾನುವಾರವೇ ಬರೆದಿಟ್ಟುಕೊಂಡವರು ಯಾರಾದರೂ ಅದೇ ಪ್ರಕಾರ ಮಾಡಿದ್ದುಂಟೇ?

ಭದ್ರಾವತಿಯನ್ನೇ ನೋಡಿ. ಯೋಜನೆ ಎಂದ ಕೂಡಲೇ ಊರು ಬೆಳೆಯುತ್ತದೆ ಎಂದೇ ಎಲ್ಲರ ಎಣಿಕೆ. ಇಷ್ಟು ವರ್ಷಕ್ಕೆ ಇಷ್ಟು ಜನ, ಅದಕ್ಕೆ ಇಷ್ಟು ಎಕರೆ. ಆದರೆ 2001ರ ಜನಗಣತಿಯಲ್ಲಿ 1 ಲಕ್ಷ 60 ಸಾವಿರ ಇದ್ದ ಭದ್ರಾವತಿ 2011ಕ್ಕೆ 1 ಲಕ್ಷ 51 ಸಾವಿರದ ಹತ್ತಿರಕ್ಕೆ ಇಳಿಯಿತು. ಊರು ಕುಗ್ಗಿತು! ಕುಲುಮೆ ಹೊತ್ತಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು, ಆಮೇಲೆ ಒಂದಿಷ್ಟು ಭಾಗದಲ್ಲಿ ಕೆಲಸ ಮತ್ತೆ ಶುರುವಾಯಿತು. ಆ ದಿನಗಳಲ್ಲಿ ಅಮ್ಮ ಊಟ ಸರಿಯಾಗಿ ಮಾಡಲಿಲ್ಲ. ಅಪ್ಪ 1994ರಲ್ಲಿ ನಿವೃತ್ತರಾಗಿ, ಕ್ವಾರ್ಟರ್ಸ್ ಬಿಟ್ಟುಕೊಟ್ಟು, ನಾವು ಶಿವಮೊಗ್ಗಕ್ಕೆ ಬಂದು ಎಷ್ಟೋ ಕಾಲವಾಗಿತ್ತು. ಇಪ್ಪತ್ತೆಂಟು ವರ್ಷ ಗುಡಿಸಿ ಸಾರಿಸಿದ ಮನೆಯ ಒಂದು ಇಟ್ಟಿಗೆಯೂ ಅವಳದಲ್ಲ. ಆದರೂ "ನಮ್ಮ ಮನೆ" ಎಂದರೆ ಇವತ್ತಿಗೂ ಅದೇ.

ಶಿವಮೊಗ್ಗದ ಕಥೆ ಬೇರೆ. ಇದು ಯೋಜನೆ ಹಾಕಿ ಹುಟ್ಟಿಸಿದ ಊರಲ್ಲ. ತುಂಗೆಯ ದಂಡೆಯಲ್ಲಿ ಕೋಟೆ, ಶಿವಪ್ಪನಾಯಕನ ಅರಮನೆ, ಆಮೇಲೆ ಗಾಂಧಿ ಬಜಾರು. 1899ರಲ್ಲಿ ಬೀರೂರಿನಿಂದ ರೈಲು ಬಂತು. ದುರ್ಗಿಗುಡಿ, ವಿನೋಬನಗರ, ಗೋಪಾಳ ಎಂದು ಒಂದರ ಹಿಂದೆ ಒಂದು ಬಡಾವಣೆ. 2011ಕ್ಕೆ ಜನಸಂಖ್ಯೆ 3 ಲಕ್ಷ 22 ಸಾವಿರ ದಾಟಿತು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ಇಳಿಯಿತು, ಅಲ್ಲಿನ ಸುತ್ತಮುತ್ತ ಸೈಟಿನ ಬೆಲೆ ಮೇಲೇರಿತು. ಭದ್ರಾವತಿ ರಸ್ತೆಯಲ್ಲಿ ಮಾಚೇನಹಳ್ಳಿ ದಾಟುವಾಗ ಈಗ ಊರು ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ತುಂಗೆ, ಭದ್ರೆ ಕೂಡ್ಲಿಯಲ್ಲಿ ಸೇರಿದ ಹಾಗೆ ಎರಡೂ ಊರು ನಕ್ಷೆಯ ಮೇಲೆ ಸೇರಿಕೊಂಡಿವೆ. ಒಂದು ಉಬ್ಬುತ್ತಿದೆ, ಒಂದು ಕುಗ್ಗುತ್ತಿದೆ. ಇಬ್ಬರು ಮಕ್ಕಳಿಗೆ ಒಂದೇ ಅಳತೆಯ ಅಂಗಿ ಹೊಲಿಸಿದ ಹಾಗೆ.

ಹಳೆಯ ಹೆಸರುಗಳಲ್ಲಿ ಎಷ್ಟು ತಿಳುವಳಿಕೆ ಇರುತ್ತದೆ ಎಂದು 2019ರ ಆಗಸ್ಟಿನಲ್ಲಿ ಗೊತ್ತಾಯಿತು. ಆ ಸಲದ ಮಳೆಗೆ ತುಂಗೆ ಊರೊಳಗೆ ಬಂದಳು. ನೀರು ನುಗ್ಗಿದ ಕಡೆಗಳಲ್ಲಿ ಕುಂಬಾರಗುಂಡಿಯೂ ಒಂದು. ಹೆಸರಿನಲ್ಲೇ ಗುಂಡಿ ಇದೆಯಲ್ಲ! ಸರ್ವೆಯವರನ್ನು ಕೇಳುವ ಮೊದಲು ಅಲ್ಲಿನ ಅಜ್ಜಿಯೊಬ್ಬಳನ್ನು ಕೇಳಿದರೆ ನೀರು ಯಾವ ಮೆಟ್ಟಿಲವರೆಗೆ ಬರುತ್ತದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳು.

ಅಮ್ಮನ ಕಾಟಕ್ಕೆ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಕರಡು ನಕ್ಷೆ ನೋಡಲು ಹೋದೆ. ಗೋಡೆಯ ತುಂಬಾ ಬಣ್ಣ. ಅಷ್ಟು ದೊಡ್ಡ ಊರನ್ನು ಅಷ್ಟು ಚಿಕ್ಕದು ಮಾಡಿದಾಗ ಒಂದು ಮನೆ ಪೆನ್ಸಿಲಿನ ಮೊನೆಗಿಂತ ಸಣ್ಣದು. ಅಲ್ಲಿದ್ದ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು. "ನಿಮ್ಮ ಸರ್ವೆ ನಂಬರ್ ಯಾವುದು ಮೇಡಂ?" ಎಂದರು. ಬಂದವರೆಲ್ಲ ಕೈಯಲ್ಲಿ ಅದನ್ನೇ ಹಿಡಿದಿದ್ದರು: ನಮ್ಮ ಜಮೀನು ಹಸಿರಾಗಿದೆ, ಹಳದಿ ಮಾಡಿ, ನಮ್ಮ ಸೈಟಿನ ಮೇಲೆ ರಸ್ತೆ ಹಾದಿದೆ, ಆಚೆ ತಳ್ಳಿ. ಅವರನ್ನು ನಾನು ದೂರುವುದಿಲ್ಲ, ಕಷ್ಟಪಟ್ಟು ಕೊಂಡದ್ದು. ಆದರೆ ಆ ಕೋಣೆಯಲ್ಲಿ ಅರ್ಧ ಗಂಟೆ ಕೂತೆ; ನನ್ನನ್ನು ಬಿಟ್ಟರೆ ಒಬ್ಬ ಹೆಂಗಸೂ ಬರಲಿಲ್ಲ.

ನಾನು ಹುಡುಕಿದ್ದು ನಮ್ಮ ಬಡಾವಣೆಯ ಹಿಂದಿನ ನಾಲೆ ಏರಿಯ ಕಾಲುದಾರಿಯನ್ನು. ನಮ್ಮ ಶಾಲೆಯ ಅರ್ಧದಷ್ಟು ಹೆಣ್ಣುಮಕ್ಕಳು ಬರುವುದು ಅದರ ಮೇಲೆ. ಬೆಳಿಗ್ಗೆ ನಡೆಯುವವರು, ಮನೆಗೆಲಸಕ್ಕೆ ಹೋಗುವವರು, ಹೂ ಮಾರುವವರು ಎಲ್ಲ ಅಲ್ಲೇ. ನಾಲೆಯ ಗೆರೆ ಇತ್ತು, ದಾರಿ ಇರಲಿಲ್ಲ. ಅದು ಯಾರ ಸರ್ವೆ ನಂಬರೂ ಅಲ್ಲ.

ಸೋಮವಾರ ಎಂಟನೇ ತರಗತಿಗೆ ಹೋಗಿ, ಭೂಪಟದ ಪಾಠ ಹೇಗೂ ಇತ್ತು, "ಮನೆಯಿಂದ ಶಾಲೆಗೆ ದಾರಿ ಬರೆಯಿರಿ" ಎಂದೆ. ಗಂಡುಮಕ್ಕಳು ಅಡ್ಡದಾರಿ, ಕ್ರಿಕೆಟ್ ಆಡುವ ಜಾಗ, ಮಾವಿನ ಮರ ಬರೆದರು. ಹೆಣ್ಣುಮಕ್ಕಳ ಹಾಳೆಯಲ್ಲಿ ದೀಪದ ಕಂಬಗಳಿದ್ದವು, ಉರಿಯುವುದು ಯಾವುದು, ಉರಿಯದ್ದು ಯಾವುದು ಎಂದು ಬೇರೆ ಬೇರೆ. ಒಬ್ಬಳು ನೇರ ದಾರಿ ಬಿಟ್ಟು ದೊಡ್ಡ ಸುತ್ತು ಬರೆದಿದ್ದಳು. ನಾನು ಅಭ್ಯಾಸಬಲದಿಂದ ಕೆಂಪು ಶಾಯಿಯಲ್ಲಿ "ಅಳತೆ ತಪ್ಪು" ಎಂದು ಗೀಚಿದೆ. ಪುಸ್ತಕ ತೆಗೆದುಕೊಳ್ಳುವಾಗ ಮೆಲ್ಲಗೆ ಹೇಳಿದಳು: "ಮಿಸ್, ನೇರ ಹೋದ್ರೆ ಬಾರ್ ಇದೆ. ಸಂಜೆ ಟ್ಯೂಷನ್ ಮುಗಿದ ಮೇಲೆ ನಾವು ಹೀಗೇ ಸುತ್ತಿ ಬರೋದು." ಆ ಕೆಂಪು ಗೀಟನ್ನು ನಾನು ಬ್ಲೇಡಿನಿಂದ ಕೆರೆದು ತೆಗೆದೆ. ಗುರುತು ಮಾತ್ರ ಉಳಿಯಿತು.

ಊರನ್ನು ಊರಿನವರಿಂದಲೇ ತಿಳಿಯಬೇಕು ಎಂದು ನೂರು ವರ್ಷದ ಹಿಂದೆಯೇ ಹೇಳಿದ ಒಬ್ಬರಿದ್ದರು, ಪ್ಯಾಟ್ರಿಕ್ ಗೆಡ್ಡೆಸ್ ಎಂಬ ಸ್ಕಾಟ್ಲೆಂಡಿನವರು. ಪ್ಲೇಗಿಗೆ ಹೆದರಿ ಕೂತಿದ್ದ ಇಂದೋರಿಗೆ ಹೋಗಿ, ದೀಪಾವಳಿಗೆ ಒಂದು ಮೆರವಣಿಗೆ ಮಾಡಿಸಿದರಂತೆ. ಯಾವ ಬೀದಿಯವರು ಮನೆಗಳನ್ನು ಹೆಚ್ಚು ಚೊಕ್ಕಟ ಮಾಡಿರುತ್ತಾರೋ ಆ ದಾರಿಯಲ್ಲೇ ಮೆರವಣಿಗೆ ಬರುತ್ತದೆ ಎಂದು ಸಾರಿಸಿದರು. ಪ್ಲೇಗಿನ ಇಲಿಯ ದೊಡ್ಡ ಗೊಂಬೆಯೂ ಅದರಲ್ಲಿತ್ತು. ಊರಿಗೆ ಊರೇ ಪೊರಕೆ ಹಿಡಿಯಿತು. ಅವರ ಇಂದೋರಿನ ವರದಿ 1918ರಲ್ಲಿ ಅಚ್ಚಾಯಿತು, ಅಂದರೆ ನಮ್ಮ ಬೆಂಕಿಪುರದಲ್ಲಿ ಕಾರ್ಖಾನೆಯ ಕೆಲಸ ಶುರುವಾದ ವರ್ಷವೇ.

ನನ್ನ ಕೈಲಿ ಮೆರವಣಿಗೆ ಆಗುವಂಥದ್ದಲ್ಲ. ಅರ್ಜಿ ಬರೆದೆ. ನಾಲೆ ಏರಿಯ ದಾರಿಯನ್ನು ನಡೆಯುವವರ ದಾರಿ ಎಂದು ನಕ್ಷೆಯಲ್ಲಿ ತೋರಿಸಬೇಕು, ದೀಪಕ್ಕೆ ಜಾಗ ಬಿಡಬೇಕು, ಅಷ್ಟೇ. ಹದಿನೇಳು ಮಕ್ಕಳ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ, ಒಂದೊಂದಕ್ಕೂ ತಾಯಂದಿರ ಸಹಿ ಕೇಳಿ ಮನೆಮನೆಗೆ ಹೋದೆ. ಕೆಲವು ಕಡೆ ಗಂಡಸರು "ಇವೆಲ್ಲ ನಮಗ್ಯಾಕೆ ಟೀಚರೇ" ಎಂದರು. ಒಬ್ಬಾಕೆ ಪೆನ್ನು ಹಿಡಿದು ಹಿಂಜರಿದಳು: "ನಾವು ಬಾಡಿಗೆಗೆ ಇರೋರು. ನಮ್ಮ ಮಾತು ನಡೆಯುತ್ತಾ?"

ಆಗ ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತು ನೋಡಿ. ಕಾಯ್ದೆಯಲ್ಲಿ ಆಸ್ತಿಯ ಮಾಲೀಕರು ಎಂದಿಲ್ಲ. ಸಾರ್ವಜನಿಕರಲ್ಲಿ ಯಾರೇ ಆಗಲಿ ಬರೆದು ತಿಳಿಸಬಹುದು ಎಂದಿದೆ. ಬಾಡಿಗೆಯವರು, ಕ್ವಾರ್ಟರ್ಸಿನವರು, ಹೂ ಮಾರುವವರು ಎಲ್ಲರೂ ಅದರೊಳಗೆ ಬಂದರು. ಸರ್ವೆ ನಂಬರಿನ ಷರತ್ತನ್ನು ನಮ್ಮ ಮನಸ್ಸಿನಲ್ಲಿ ನಾವೇ ಹಾಕಿಕೊಂಡದ್ದು. 1992ರ 74ನೇ ತಿದ್ದುಪಡಿ 3 ಲಕ್ಷ ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದಿತು. ಅದನ್ನು ನಾನೇ ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ಕೊಟ್ಟಿದ್ದೇನೆ, ನಮ್ಮ ವಾರ್ಡಿನ ಒಂದು ಸಭೆಗೂ ಹೋದವಳಲ್ಲ. ಅವಳಿಗೆ ಇಷ್ಟನ್ನೂ ಹೇಳಲಿಲ್ಲ. "ಇಲ್ಲಿ ನಡೆದಾಡೋರು ನೀವೇ ತಾನೆ? ಹಾಕಿ" ಎಂದೆ. ಹಾಕಿದಳು.

ರಾತ್ರಿ ಅಮ್ಮ ತನಗೂ ಒಂದು ಹಾಳೆ ಬೇಕೆಂದಳು. ಪಿಂಚಣಿಯ ಕಾಗದ, ಬ್ಯಾಂಕಿನ ಚೀಟಿ ಬಿಟ್ಟು ಬೇರೆಲ್ಲೂ ಅವಳು ಸಹಿ ಹಾಕಿದ್ದು ನನಗೆ ನೆನಪಿಲ್ಲ. ಭದ್ರಾವತಿಯ ಖಾಲಿ ಬಿದ್ದ ಕ್ವಾರ್ಟರ್ಸುಗಳ ಜಾಗದಲ್ಲಿ ಏನೇ ಮಾಡುವುದಿದ್ದರೂ ಆ ರಸ್ತೆಯ ಮರಗಳನ್ನು ಕಡಿಯಬಾರದು, ಈಗಲೂ ಅಲ್ಲಿ ಇರುವವರನ್ನು ಕೇಳಿ ಮಾಡಬೇಕು ಎಂದು ನಾಲ್ಕು ಸಾಲು ಬರೆದಳು. ಅಕ್ಷರ ನಡುಗಿದ್ದವು, ಆದರೆ ಕಾಗುಣಿತ ಒಂದೂ ತಪ್ಪಿರಲಿಲ್ಲ. ವಿಳಾಸ ಎಂಬಲ್ಲಿ ಪೆನ್ನು ನಿಲ್ಲಿಸಿ, "ಯಾವ ಮನೆಯದು ಬರೆಯಲಿ?" ಎಂದಳು.

ಹದಿನೆಂಟು ಅರ್ಜಿಗೂ ಮೊಹರು ಒತ್ತಿಸಿಕೊಂಡು ಬಂದೆ. ಆ ಪ್ರತಿಗಳು ಬೀರುವಿನಲ್ಲಿ, ಅಪ್ಪನ ಗೇಟ್ ಪಾಸಿನ ಜೊತೆಯಲ್ಲಿವೆ. ನಾಲೆ ಏರಿಯ ದಾರಿ ಇದೆ, ದೀಪ ಇನ್ನೂ ಬಂದಿಲ್ಲ. ಇವತ್ತು ಬೆಳಿಗ್ಗೆ ಅದರ ಮೇಲೇ ಶಾಲೆಗೆ ಹೋದೆ. ಹೂ ಮಾರುವಾಕೆ ಎದುರಿಗೆ ಸಿಕ್ಕಿ, "ಆ ಅರ್ಜಿ ಏನಾಯ್ತು ಟೀಚರೇ?" ಎಂದು ಕೇಳಿದಳು. ಅವಳು ಹಾಗೆ ಕೇಳುತ್ತಿರುವುದು ಇದು ಮೂರನೆಯ ಸಲ.