ಪಿಗ್ಮಿ ಪುಸ್ತಕದಿಂದ ಎಸ್‌ಐಪಿವರೆಗೆ

ಮಣಿಕೊಂಡದ ಯಾವುದೇ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮೊದಲ ಹತ್ತು ನಿಮಿಷ ಊರಿನ ಮಳೆ, ಹಬ್ಬಕ್ಕೆ ಸಿಗದ ಬಸ್ ಟಿಕೆಟ್ಟು, ನೀರುದೋಸೆ ಎಲ್ಲಿ ಸಿಗುತ್ತದೆ ಎಂಬ ವಿಚಾರ. ಹನ್ನೊಂದನೇ ನಿಮಿಷಕ್ಕೆ ದುಡ್ಡಿನ ಮಾತು ಶುರು. ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗ ಯಾವ ಷೇರು ಕೊಳ್ಳಲಿ ಎನ್ನುತ್ತಾನೆ. ಹತ್ತು ವರ್ಷ ಆದವರು ಸೈಟೋ ಫ್ಲಾಟೋ ಎಂದು ತೂಗುತ್ತಿರುತ್ತಾರೆ. ಇತ್ತೀಚೆಗೆ ಮೂರನೆಯ ಪ್ರಶ್ನೆಯೂ ಸೇರಿಕೊಂಡಿದೆ: ತಾರಸಿ ಮೇಲೆ ಸೋಲಾರ್ ಹಾಕಿಸಿದರೆ ಎಷ್ಟು ವರ್ಷಕ್ಕೆ ಹಣ ವಾಪಸ್ಸು?

ಇವು ಮೂರೂ ‘ಎಲ್ಲಿ ಹಾಕಲಿ’ ಎಂಬ ಪ್ರಶ್ನೆಗಳು. ನನಗೆ ಇವಕ್ಕಿಂತ ಹಳೆಯ ಎರಡು ಪ್ರಶ್ನೆಗಳು ಮುಖ್ಯ ಅನ್ನಿಸುತ್ತವೆ. ಒಂದು, ನನ್ನ ಸಂಪಾದನೆಯ ಲಯಕ್ಕೆ ಹೊಂದುವ ಕಂತು ಯಾವುದು? ಎರಡು, ಹಾಕಿದ ದುಡ್ಡನ್ನು ನಾನೇ ಎಣಿಸಿ ನೋಡಬಹುದೇ? ಈ ಎರಡಕ್ಕೂ ನಮ್ಮ ಕರಾವಳಿಯಲ್ಲಿ ಸುಮಾರು ನೂರು ವರ್ಷಗಳ ಉತ್ತರವಿದೆ. ಆ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಇದೇ ಹೈದರಾಬಾದಿನಲ್ಲಿ.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಒಂದು ಬ್ಯಾಂಕು ಕಟ್ಟಿದರು. ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ. ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಮುಂದೆ ಎಲ್ಲರ ಬಾಯಲ್ಲಿ ಸಿಂಡಿಕೇಟ್ ಬ್ಯಾಂಕ್. ಕೈಮಗ್ಗದ ಕೆಲಸ ಕುಸಿದು ನೇಕಾರರು ಕಂಗಾಲಾಗಿದ್ದ ಕಾಲ ಅದು. ಅವರಿಗೆ ಸಾಲದ ಆಸರೆ ಕೊಡುವುದು ಮೊದಲ ಉದ್ದೇಶ. ಆದರೆ ಸಾಲ ಕೊಡಲು ಠೇವಣಿ ಬೇಕು. ದಿನಗೂಲಿಯವರ, ಬೀಡಾ ಅಂಗಡಿಯವರ, ಮೀನು ಮಾರುವವರ ಕೈಯಲ್ಲಿ ದುಡ್ಡು ಬೆಳಿಗ್ಗೆ ಬಂದು ಸಂಜೆಗೆ ಕರಗುತ್ತಿತ್ತು. ತಿಂಗಳ ಕೊನೆಗೆ ಮಿಗಿಸಿ ಬ್ಯಾಂಕಿನ ಮೆಟ್ಟಿಲು ಹತ್ತಿ ಎಂದು ಅವರಿಗೆ ಹೇಳಿದರೆ ಅದು ಆಗದ ಮಾತು.

1928ರಲ್ಲಿ ಬ್ಯಾಂಕು ತಾನೇ ಮೆಟ್ಟಿಲಿಳಿಯಿತು. ಏಜೆಂಟರು ಪ್ರತಿದಿನ ಮನೆಗೆ, ಅಂಗಡಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಡುವ ಯೋಜನೆ ಅದು. ಹೆಸರು ‘ಪಿಗ್ಮಿ’. ಲೆಕ್ಕ ಹಾಕಿ ನೋಡಿ: ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಬಡವನ ಬಳಿ ಉಳಿಸಲು ಹಣವಿಲ್ಲ ಎಂಬ ಮಾತನ್ನು ಈ ಯೋಜನೆ ಸ್ವಲ್ಪ ತಿದ್ದಿತು. ಉಳಿತಾಯದ ಹಣ ಇತ್ತು. ಅದಕ್ಕೆ ತಕ್ಕ ಅಳತೆಯ ಪಾತ್ರೆ ಇರಲಿಲ್ಲ.

ನಮ್ಮ ತಂದೆಯ ಅಂಗಡಿ ಕಾರ್ಕಳದ ಪೇಟೆಯಲ್ಲಿತ್ತು. ಸಂಜೆ ವ್ಯಾಪಾರದ ಹೊತ್ತಿಗೆ ಪಿಗ್ಮಿಯವರು ಬರುತ್ತಿದ್ದರು, ಬಗಲಲ್ಲಿ ಚೀಲ, ಕಿವಿಯಲ್ಲಿ ಪೆನ್ನು. ಐದು ರೂಪಾಯಿ, ಕೆಲವು ದಿನ ಎರಡು. ಏನೂ ಇಲ್ಲದ ದಿನ ಅವರು ಹಾಗೇ ಹೋಗುತ್ತಿರಲಿಲ್ಲ, ಯಾಕೆ ಎಂದು ಕೇಳುತ್ತಿದ್ದರು. ಜೂನ್ ತಿಂಗಳ ನಮ್ಮ ಶಾಲೆ ಫೀಸು ಆ ಪುಸ್ತಕದಿಂದ ಹೊರಡುತ್ತಿತ್ತು. ಬಡ್ಡಿ ಕಡಿಮೆ, ಮಧ್ಯದಲ್ಲಿ ಮುರಿದರೆ ಇನ್ನೂ ಕಡಿಮೆ. ಹಣದುಬ್ಬರ ಲೆಕ್ಕ ಹಾಕಿದರೆ ಅದನ್ನು ಹೂಡಿಕೆ ಎನ್ನಲು ಇಂದಿನ ಯಾವ ಸಲಹೆಗಾರನೂ ಒಪ್ಪಲಾರ. ನಿಜ. ಆದರೆ ಆ ಐದು ರೂಪಾಯಿಗೆ ಎದುರಾಳಿಯಾಗಿದ್ದದ್ದು ಶೇ. 12ರ ಮ್ಯೂಚುವಲ್ ಫಂಡ್ ಅಲ್ಲ, ಖರ್ಚಾಗಿ ಹೋಗುವ ಐದು ರೂಪಾಯಿ.

ಹಾಗಾದರೆ ದಿನವೂ ಬಾಗಿಲಿಗೆ ಬರುವ ಆ ಮನುಷ್ಯನ ಖರ್ಚು ಯಾರದು? ಈ ಪ್ರಶ್ನೆ ಹೈದರಾಬಾದಿಗೆ ಬಂತು. 1969ರ ಜುಲೈ 19ರಂದು ಸಿಂಡಿಕೇಟ್ ಸೇರಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಆ ಹೊತ್ತಿಗೆ ಪಿಗ್ಮಿಯ ಮಾದರಿ ಬೇರೆ ಬೇರೆ ಹೆಸರಿನಲ್ಲಿ ಹಬ್ಬುತ್ತಿತ್ತು. ಬ್ಯಾಂಕಿನ ಗುಮಾಸ್ತನಿಗೆ ಸಂಬಳ, ರಜೆ, ಪಿಂಚಣಿ. ಬಿಸಿಲಲ್ಲಿ ಸುತ್ತುವ ಠೇವಣಿ ಸಂಗ್ರಾಹಕನಿಗೆ ಕಮಿಷನ್ ಮಾತ್ರ. 1980ರಲ್ಲಿ ಕೇಂದ್ರ ಸರ್ಕಾರ ಈ ವಿವಾದವನ್ನು ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಒಪ್ಪಿಸಿತು. 1988ರ ಡಿಸೆಂಬರಿನಲ್ಲಿ ತೀರ್ಪು ಬಂತು: ಇವರು ಸ್ವತಂತ್ರ ಗುತ್ತಿಗೆದಾರರಲ್ಲ, ಕಾರ್ಮಿಕರು, ಇವರಿಗೆ ಕನಿಷ್ಠ ತಿಂಗಳಿಗೆ 750 ರೂಪಾಯಿ ಸಿಗಬೇಕು, ಗ್ರಾಚ್ಯುಟಿಯೂ ಸಿಗಬೇಕು. ಬ್ಯಾಂಕುಗಳು ಹೈಕೋರ್ಟಿಗೆ ಹೋದವು, ಅಲ್ಲಿಂದ ಸುಪ್ರೀಂ ಕೋರ್ಟಿಗೆ. 2001ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸಂಗ್ರಾಹಕರನ್ನು ಕಾರ್ಮಿಕರೆಂದೇ ಎತ್ತಿಹಿಡಿಯಿತು. ವಿವಾದ ಮಂಡಳಿಗೆ ಬಂದು ಆಗಲೇ ಇಪ್ಪತ್ತು ವರ್ಷ ದಾಟಿತ್ತು. ನಮ್ಮ ಮನೆಗಳ ಉಳಿತಾಯ ಅಗ್ಗವಾಗಿ ಕಂಡಿದ್ದರ ಹಿಂದೆ ಯಾರದೋ ಕಾಲುನಡಿಗೆ ಇತ್ತು ಎಂಬುದು ಆ ಕಡತದಲ್ಲಿ ದಾಖಲಾಗಿದೆ. ಇವತ್ತು ಆ್ಯಪ್ ‘ಉಚಿತ’ ಎಂದಾಗ ನಾನು ಕೇಳುವ ಮೊದಲ ಪ್ರಶ್ನೆಯೂ ಅದೇ: ಹಾಗಾದರೆ ಇದರ ಖರ್ಚು ಯಾರು ಕೊಡುತ್ತಿದ್ದಾರೆ?

ಇದು ಕಂತಿನ ಕಥೆ. ಇನ್ನು ಎಣಿಕೆಯದು.

ಪಿಗ್ಮಿ ಪುಸ್ತಕದಲ್ಲಿ ಓದು ಬಾರದವರೂ ಗೆರೆ ಎಣಿಸಿ ಲೆಕ್ಕ ಹಿಡಿಯಬಹುದಿತ್ತು. ಇದೇ ಗುಣ ದೊಡ್ಡ ದೊಡ್ಡ ಯೋಜನೆಗಳಲ್ಲಿ ಇರಲಿಲ್ಲ. 1964ರಲ್ಲಿ ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ ‘ಯುಎಸ್-64’ ತಂದಾಗ ಮಧ್ಯಮವರ್ಗದವರು ಅದನ್ನು ಸರ್ಕಾರಿ ಠೇವಣಿಯಂತೆಯೇ ನಂಬಿದರು. ಅದರ ಕೊಳ್ಳುವ, ಮಾರುವ ಬೆಲೆಯನ್ನು ಸಂಸ್ಥೆಯೇ ನಿಗದಿ ಮಾಡುತ್ತಿತ್ತು. ಒಳಗಿನ ಆಸ್ತಿಯ ನಿಜ ಮೌಲ್ಯ ಹೂಡಿದವರಿಗೆ ಕಾಣುತ್ತಿರಲಿಲ್ಲ. 2001ರ ಜುಲೈನಲ್ಲಿ ಯೂನಿಟ್‌ಗಳ ಮಾರಾಟ ಮತ್ತು ಮರುಖರೀದಿಯನ್ನು ತಡೆಹಿಡಿದಾಗಲೇ ಬಹಳ ಜನಕ್ಕೆ ಎದೆ ಧಸಕ್ಕೆಂದಿತು. ಇಂದು ಪ್ರತಿ ಮ್ಯೂಚುವಲ್ ಫಂಡಿನ ಎನ್‌ಎವಿ ಕೆಲಸದ ದಿನಗಳಲ್ಲೆಲ್ಲ ಪ್ರಕಟವಾಗುತ್ತದೆ. ಬೆಲೆ ಇಳಿದರೂ ಇಳಿದದ್ದು ಕಾಣುತ್ತದೆ. ಹೊಸಬರು ಈ ಏರಿಳಿತಕ್ಕೆ ಹೆದರುತ್ತಾರೆ. ನನಗೆ ಹೆದರಿಕೆ ಏರಿಳಿತವನ್ನೇ ತೋರಿಸದ ಯೋಜನೆಗಳದು.

ಷೇರಿನ ವಿಷಯದಲ್ಲಿ ನಮಗೆ ಹತ್ತಿರದ ಎರಡು ಊರುಗಳ ಎರಡು ಪಾಠಗಳಿವೆ. 1993ರಲ್ಲಿ ಬೆಂಗಳೂರಿನ ಇನ್ಫೋಸಿಸ್ 95 ರೂಪಾಯಿಗೆ ಷೇರು ಕೊಟ್ಟಾಗ ಕೊಳ್ಳುವವರು ಸಾಲಲಿಲ್ಲ. ಮಾರ್ಗನ್ ಸ್ಟಾನ್ಲಿ ಅದೇ ಬೆಲೆಗೆ ಶೇ. 13ರಷ್ಟು ಪಾಲು ಪಡೆದು ಎತ್ತಿಹಿಡಿಯಿತು. ಅದೇ ವರ್ಷ ಷೇರುಪೇಟೆಗೆ ಬಂದಾಗ ಬೆಲೆ 145 ರೂಪಾಯಿ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಹೈದರಾಬಾದಿನ ಕಥೆ ಹೇಳುವವರು ಕಡಿಮೆ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ, ಲೆಕ್ಕಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಒಂದೇ ದಿನದಲ್ಲಿ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಬಿತ್ತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಉತ್ತಮ ಆಡಳಿತಕ್ಕಾಗಿ ಪ್ರಶಸ್ತಿ ಪಡೆದಿದ್ದ ಕಂಪನಿ ಅದು.

ಸಂಬಳವೂ ಅದೇ ಕಂಪನಿಯದು, ಉಳಿತಾಯವೂ ಅದೇ ಕಂಪನಿಯ ಷೇರು ಎಂದಿದ್ದವರಿಗೆ ಆ ದಿನ ಎರಡೂ ಒಟ್ಟಿಗೆ ಅಲುಗಾಡಿದವು. ಹೈಟೆಕ್ ಸಿಟಿಯ ಸುತ್ತ ಕೆಲಸ ಮಾಡುವ, ಕಂಪನಿಯ ಷೇರನ್ನೇ ಬೋನಸ್ಸಾಗಿ ಪಡೆಯುವ ನಮ್ಮಂಥವರಿಗೆ ಇದಕ್ಕಿಂತ ಸಮೀಪದ ಪಾಠ ಇಲ್ಲ. ಸತ್ಯಂನ ಲೆಕ್ಕವನ್ನು ಸಾಮಾನ್ಯ ಹೂಡಿಕೆದಾರ ಎಣಿಸಿ ಹಿಡಿಯಲು ಸಾಧ್ಯವಿರಲಿಲ್ಲ. ಹಾಗಾಗಿ ಒಂದೇ ಪುಸ್ತಕವನ್ನು ನಂಬದಿರುವುದೊಂದೇ ಅವನಿಗಿದ್ದ ರಕ್ಷೆ. ನೂರಾರು ಕಂಪನಿಗಳಲ್ಲಿ ಹಣ ಹಂಚುವ ಇಂಡೆಕ್ಸ್ ಫಂಡಿನ ಅರ್ಥ ನನಗೆ ತಿಳಿದದ್ದು ಹೀಗೆ.

ಹಾಗಾದರೆ ಕಣ್ಣಿಗೆ ಕಾಣುವ ಭೂಮಿಯೇ ವಾಸಿಯಲ್ಲವೇ ಎನ್ನುವವರಿಗೆ ನಾವು ನಿಂತ ನೆಲದ್ದೇ ಉದಾಹರಣೆ ಇದೆ. ಮಣಿಕೊಂಡ ಜಾಗೀರಿನ 1,654 ಎಕರೆ ದರ್ಗಾಕ್ಕೆ ಸೇರಿದ ವಕ್ಫ್ ಆಸ್ತಿಯೋ ಸರ್ಕಾರದ್ದೋ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಸರ್ಕಾರದ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಆ ಪ್ರದೇಶದಲ್ಲಿ ಗೋಪುರಗಳೇ ಎದ್ದಿದ್ದವು. ಗೋಡೆ ತಟ್ಟಿ ನೋಡಬಹುದು. ಅದರ ಕೆಳಗಿನ ಹಕ್ಕುಪತ್ರವನ್ನು ತಟ್ಟಿ ನೋಡಲಾಗದು.

ಈಗ ಸೋಲಾರ್. ಇದರ ಬೇರೂ ಪಿಗ್ಮಿಯ ನೆಲದಲ್ಲೇ ಇದೆ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೋ ಶುರು ಮಾಡಿದಾಗ ಸೌರದೀಪ ಬಡವರಿಗಲ್ಲ ಎಂಬುದು ಸಾಮಾನ್ಯ ನಂಬಿಕೆ. ಹಂದೆ ಹಲವು ಕಡೆ ಹೇಳಿರುವ ಒಂದು ಪ್ರಸಂಗವಿದೆ: ಬೀದಿ ವ್ಯಾಪಾರಿಯೊಬ್ಬರು ತಿಂಗಳಿಗೆ 300 ರೂಪಾಯಿ ದುಬಾರಿ, ದಿನಕ್ಕೆ 10 ರೂಪಾಯಿ ಆದರೆ ಕೊಡಬಲ್ಲೆ ಎಂದರಂತೆ. ಮೊತ್ತ ಒಂದೇ, ಲಯ ಬೇರೆ. 1928ರ ಉಡುಪಿಯ ಮಾತೇ ಇದು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಸೌರದೀಪದ ಸಾಲಕ್ಕೆ ಬಡ್ಡಿ ರಿಯಾಯಿತಿ ಕೊಡುವ ಯೋಜನೆ ದಕ್ಷಿಣ ಭಾರತದಲ್ಲಿ ಆರಂಭವಾಯಿತು. ಅದನ್ನು ನಡೆಸಿದ ಎರಡು ಬ್ಯಾಂಕುಗಳು ಕೆನರಾ ಮತ್ತು ಸಿಂಡಿಕೇಟ್, ಎರಡೂ ಕರಾವಳಿಯಲ್ಲಿ ಹುಟ್ಟಿದವು. ನಾಲ್ಕು ವರ್ಷದಲ್ಲಿ 16,000ಕ್ಕೂ ಹೆಚ್ಚು ಮನೆಗಳಿಗೆ ಸಾಲ ಸಿಕ್ಕಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇಂದು ಮಣಿಕೊಂಡದ ಬಾಡಿಗೆದಾರನಿಗೆ ತಾರಸಿ ತನ್ನದಲ್ಲ. ಫ್ಲಾಟ್ ಇದ್ದವರಿಗೂ ಅದು ಎಲ್ಲರದು. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ವಸತಿ ಸಂಘಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಇದೆ. ಲಿಫ್ಟು, ಪಂಪು, ಮೆಟ್ಟಿಲ ದೀಪದ ಬಿಲ್ಲು ಇಳಿದರೆ ನಿರ್ವಹಣಾ ಶುಲ್ಕ ಇಳಿಯಬೇಕು. ಇಳಿಯಿತೇ ಎಂದು ಸಂಘದ ಲೆಕ್ಕ ಕೇಳುವುದು ಕಂತು ಕಟ್ಟುವಷ್ಟೇ ಮುಖ್ಯ. ಇನ್ನು ಊರಿನಲ್ಲಿ ಅಪ್ಪ-ಅಮ್ಮನ ಮನೆಯ ಮೇಲೆ ಹಾಕಿಸುವ ಆಸೆ ನಮ್ಮಲ್ಲಿ ಅನೇಕರದು. ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಎಂದ ಕೂಡಲೇ ಕೈ ಜೇಬಿಗೆ ಹೋಗುತ್ತದೆ. ತಡೆಯಿರಿ, ಮೊದಲು ಊರಿನ ಕರೆಂಟು ಬಿಲ್ಲು ತರಿಸಿ ನೋಡಿ. ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಇದೆ. ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ, ವಿದ್ಯುತ್ ಉಚಿತ. ಇಬ್ಬರೇ ಇರುವ ಮನೆಗೆ ಬಿಲ್ಲು ಈಗಾಗಲೇ ಸೊನ್ನೆ ಬರುತ್ತಿದ್ದರೆ ಸೋಲಾರಿನಿಂದ ಉಳಿಯುವ ರೂಪಾಯಿಯೂ ಸೊನ್ನೆಯ ಹತ್ತಿರವೇ. ವಾತಾವರಣಕ್ಕೆ ಒಳ್ಳೆಯದೆಂದು ಹಾಕಿಸಿದರೆ ಸಂತೋಷ. ಹೂಡಿಕೆ ಎಂದು ಹಾಕಿಸುವುದಾದರೆ ಗುಣಾಕಾರ ಮೊದಲು.

ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಯೋಚನೆ ಮಾತ್ರ ಬೇರೆ ವೇಷದಲ್ಲಿ ಬದುಕಿದೆ. 2025ರ ಫೆಬ್ರವರಿಯಲ್ಲಿ ಎಸ್‌ಬಿಐ ಮ್ಯೂಚುವಲ್ ಫಂಡ್ 250 ರೂಪಾಯಿಯ ಎಸ್‌ಐಪಿ ತಂದಾಗ ಅದರಲ್ಲಿ ತಿಂಗಳ ಕಂತಿನ ಜೊತೆ ವಾರದ, ದಿನದ ಕಂತೂ ಇತ್ತು. ಸುದ್ದಿ ಓದಿ ನನಗೆ ಪಿಗ್ಮಿಯೇ ನೆನಪಾಯಿತು. ಆದರೆ ಎಸ್‌ಐಪಿ ಠೇವಣಿಯಲ್ಲ; ಅದರ ಮೌಲ್ಯ ಹಾಕಿದ್ದಕ್ಕಿಂತ ಕೆಳಗೂ ಹೋಗಬಹುದು. ಇನ್ನೊಂದು ವ್ಯತ್ಯಾಸ, ಬಾಗಿಲಿಗೆ ಯಾರೂ ಬರುವುದಿಲ್ಲ. ಪಿಗ್ಮಿಯವರು ಹಣ ಹಾಕದ ದಿನ ಯಾಕೆ ಎಂದು ಕೇಳುತ್ತಿದ್ದರು. ಆ್ಯಪ್ ಹಾಗೆ ಕೇಳುವುದಿಲ್ಲ, ಬದಲಿಗೆ ಪಕ್ಕದ ಬಟನ್ನಿನಲ್ಲಿ ಆಪ್ಷನ್ಸ್ ತೋರಿಸುತ್ತದೆ. 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ಬಿಡಿ ವ್ಯಕ್ತಿಗಳಲ್ಲಿ ಶೇ. 93ರಷ್ಟು ಜನ ನಷ್ಟ ಅನುಭವಿಸಿದರು ಎಂದು ಸೆಬಿಯ ಅಧ್ಯಯನವೇ ಹೇಳಿದೆ.

ಆದ್ದರಿಂದ ಈಗಷ್ಟೇ ಸಂಬಳ ಕಂಡವರಿಗೆ ನನ್ನ ಮಾತು ಇಷ್ಟು. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ. ಊರಿಗೆ ಕಳಿಸುವ ಹಣ, ಆರೋಗ್ಯ ವಿಮೆ ಅದರ ಪಕ್ಕದಲ್ಲಿ. ಆಮೇಲೆ ಸಂಬಳ ಬಂದ ಮರುದಿನವೇ ಕಟ್ಟಾಗುವ, ಹತ್ತು ವರ್ಷ ಮುಟ್ಟದೆ ಇರಬಲ್ಲ ಒಂದು ಕಂತು. ನಿಮ್ಮ ಕಂಪನಿಯ ಷೇರು ಅದರ ಹೊರಗಿರಲಿ. ಯಾರನ್ನಾದರೂ ಒಬ್ಬರನ್ನು, ತಂಗಿಯೋ ಗೆಳೆಯನೋ, ವರ್ಷಕ್ಕೆರಡು ಸಲ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಎಣಿಸಿ ತೋರಿಸಿ. ಅವರು ಯಾಕೆ ಎಂದು ಕೇಳುವವರಾಗಿದ್ದರೆ ಸಾಕು, ಹಣಕಾಸು ಓದಿದವರೇ ಆಗಬೇಕಿಲ್ಲ.